ಮಧ್ಯಮಹೇಶ್ವರದ ಮಾರ್ಗದರ್ಶಕರು

ಪಂಚಪೀಠಗಳಲ್ಲಿ ಒಂದಾದ ಹಿಮವತ್ಕೇದಾರದ ಮಹಿಮೆ ಕನ್ನಡನಾಡಿನ ಭಕ್ತರಿಗೆ ಹೊಸದಲ್ಲ. ದ್ರಾಕ್ಷಾರಾಮದ ರಾಮನಾಥಲಿಂಗದಿಂದ ಆವಿರ್ಭವಿಸಿದರೆಂದು ಸಂಪ್ರದಾಯವು ಹೇಳುವ ಏಕೋರಾಮಾರಾಧ್ಯರು ಆ ಪೀಠದ ಮೂಲಾಚಾರ್ಯರು; ಮಂದಾಕಿನೀ ಕಣಿವೆಯ ಊಖೀಮಠ ಅದರ ನೆಲೆ. ಕೇದಾರನಾಥದ ರಾವಲರೆಂದು ಪ್ರಸಿದ್ಧರಾದ ಪೀಠಾಧಿಪತಿಗಳು ಕರ್ನಾಟಕ ಮತ್ತು ಮಹಾರಾಷ್ಟ್ರಗಳ ಜಂಗಮ ಮನೆತನಗಳಿಂದ ಹೋದವರು, ಆಜೀವ ಬ್ರಹ್ಮಚಾರಿಗಳು. ಈ ಪರಂಪರೆಯನ್ನು ಸಂಪ್ರದಾಯವು ಮುನ್ನೂರಕ್ಕೂ ಹೆಚ್ಚು ತಲೆಗಳೆಂದು ಎಣಿಸುತ್ತದೆ. ರಾವಲರು ಸ್ವತಃ ಗರ್ಭಗೃಹದ ನಿತ್ಯಪೂಜೆಯನ್ನು ಮಾಡುವುದಿಲ್ಲ. ಅವರ ಶಿಷ್ಯರಾದ ವೀರಶೈವ ಅರ್ಚಕರು ಕೇದಾರನಾಥ, ಮಧ್ಯಮಹೇಶ್ವರ, ಊಖೀಮಠ, ಗುಪ್ತಕಾಶಿಗಳಿಗೆ ವರ್ಷವರ್ಷವೂ ನೇಮಕಗೊಂಡು ಆ ಸೇವೆಯನ್ನು ನಡೆಸುತ್ತಾರೆ.

ಇಷ್ಟೂ ಬಲ್ಲ ಸಂಗತಿಯೇ. ಆದರೆ ಭೀಮಾತೀರದ ಎರೆನೆಲದಲ್ಲೋ ತುಂಗಭದ್ರೆಯ ಬಯಲಿನಲ್ಲೋ ಹುಟ್ಟಿ ಬೆಳೆದ ಒಬ್ಬ ಜಂಗಮ ವಟು, ಹಿಮವೆಂಬುದನ್ನು ಕಣ್ಣಿನಿಂದ ಕಂಡಿರದವನು, ಮೊದಲ ವರ್ಷ ಆ ಕಡಿದಾದ ಏರನ್ನು ಹತ್ತಿದ್ದು ಯಾರ ಹೆಜ್ಜೆಯ ಹಿಂದೆ? ಅವನ ಪೂಜಾಸಾಮಗ್ರಿಯನ್ನು ಹೊತ್ತವರು ಯಾರು? ಯಾವ ಹಳ್ಳವನ್ನು ಯಾವ ಹೊತ್ತಿನಲ್ಲಿ ದಾಟಬೇಕೆಂದು ಅವನಿಗೆ ಹೇಳಿಕೊಟ್ಟವರು ಯಾರು? ಪೀಠಗಳ ಇತಿಹಾಸವನ್ನು ಕುರಿತ ಗ್ರಂಥಗಳಲ್ಲಿ ಈ ಪ್ರಶ್ನೆಗಳಿಗೆ ಉತ್ತರ ವಿರಳ. ದಾನಿಯ ಹೆಸರು ಶಾಸನದಲ್ಲಿ ಉಳಿಯುತ್ತದೆ, ಆಚಾರ್ಯರ ಹೆಸರು ಗುರುಪರಂಪರೆಯಲ್ಲಿ ಉಳಿಯುತ್ತದೆ. ದಾರಿ ತೋರಿದವನ ಹೆಸರು ದಾರಿಯಲ್ಲಿಯೇ ಕಳೆದುಹೋಗುತ್ತದೆ.

ಕೇದಾರನಾಥದ ಮುಖ್ಯಮಾರ್ಗದಲ್ಲಿ ಇದನ್ನು ವಿಚಾರಿಸುವುದು ಇಂದು ಕಷ್ಟ. ಅಲ್ಲಿಗೆ ಲಕ್ಷಗಟ್ಟಲೆ ಜನ ಹೋಗುತ್ತಾರೆ. ಹೇಸರಗತ್ತೆ, ಡೋಲಿ, ಹೆಲಿಕಾಪ್ಟರುಗಳ ಸಂದಣಿಯಲ್ಲಿ ಹಳೆಯ ವ್ಯವಸ್ಥೆಯ ರೂಪ ಮರೆಯಾಗಿದೆ. ಪಕ್ಕದ ಮಧ್ಯಮಹೇಶ್ವರದ ಕಣಿವೆಯಲ್ಲಿ ಹಾಗಿಲ್ಲ. ಕೇದಾರನಾಥ, ಮಧ್ಯಮಹೇಶ್ವರ, ತುಂಗನಾಥ, ರುದ್ರನಾಥ, ಕಲ್ಪೇಶ್ವರಗಳನ್ನು ಕೂಡಿಸಿ ಪಂಚಕೇದಾರಗಳೆನ್ನುವುದು ರೂಢಿ. ವೃಷಭರೂಪ ತಾಳಿ ಪಾಂಡವರಿಗೆ ಮರೆಯಾದ ಶಿವನ ನಾಭಿ ಪ್ರಕಟವಾದ ಸ್ಥಾನ ಮಧ್ಯಮಹೇಶ್ವರವೆಂದು ಸ್ಥಳಪುರಾಣ ಹೇಳುತ್ತದೆ. ಊರವರ ನಾಲಗೆಯಲ್ಲಿ ಅದು ಮದ್ಮಹೇಶ್ವರ. ತುಂಗನಾಥದ ಪೂಜೆ ಮಕ್ಕೂ ಗ್ರಾಮದ ಸ್ಥಳೀಯ ಬ್ರಾಹ್ಮಣರದಾದರೆ, ಮಧ್ಯಮಹೇಶ್ವರದ್ದು ದಕ್ಷಿಣದಿಂದ ಬಂದ ಜಂಗಮ ಅರ್ಚಕರದು. ಮೂರು ಸಾವಿರ ಮೀಟರಿಗೂ ಮೇಲಿರುವ ಆ ಏಕಾಂತ ಸ್ಥಳದಲ್ಲಿ ವರ್ಷದ ಅರ್ಧಭಾಗ ಒಬ್ಬ ಕನ್ನಡಿಗನೋ ಮರಾಠಿಗನೋ ಶಿವಪೂಜೆಗೆ ನಿಂತಿರುವುದು ಭಾರತದ ಧಾರ್ಮಿಕ ಇತಿಹಾಸದ ಸೋಜಿಗಗಳಲ್ಲಿ ಒಂದು. ಅವರನ್ನು ಅಲ್ಲಿಗೆ ತಲುಪಿಸುವ, ಅಲ್ಲಿ ಉಳಿಸುವ, ಮರಳಿ ಕೆಳಗಿಳಿಸುವ ಹೊಣೆ ಹೊತ್ತ ಕೊನೆಯ ಗ್ರಾಮ ಗೌಂಡಾರ.

ಊಖೀಮಠದಿಂದ ಮೇಲಕ್ಕೆ ಹೊರಟ ಮೋಟಾರು ರಸ್ತೆ ರಾಂಸಿ ಗ್ರಾಮದ ಬಳಿ ಮುಗಿಯುತ್ತದೆ. ಅಲ್ಲಿ ರಾಕೇಶ್ವರೀ ದೇವಿಯ ಗುಡಿಯಿದೆ. ಮುಂದೆ ಕಾಡಿನ ಅಂಚಿನಲ್ಲಿ ಇಳಿಯುತ್ತ ಸುಮಾರು 6 ಕಿಲೋಮೀಟರು ನಡೆದರೆ ಗೌಂಡಾರ. ಇನ್ನೆರಡು ಕಿಲೋಮೀಟರಿಗೆ ಬನತೋಲಿ. ಇಲ್ಲಿ ಮಾರ್ಕಂಡಗಂಗೆ ಮತ್ತು ಮಧ್ಯಮಹೇಶ್ವರಗಂಗೆಗಳು ಕೂಡುತ್ತವೆ. ಸಂಗಮವನ್ನು ದಾಟಿದ ಕೂಡಲೇ ಏರು ಆರಂಭ. ಖಟಾರಾ, ನಾನೂ, ಮೈಖಂಭಾ, ಕೂನ್‌ಚಟ್ಟಿ ಎಂದು ಒಂದೊಂದೇ ತಂಗುದಾಣಗಳನ್ನು ಕಳೆದು, ಎಲ್ಲಿಯೂ ಸಮತಟ್ಟಾಗದ ಆ ದಾರಿ ದೇವಾಲಯವಿರುವ ಹುಲ್ಲುಗಾವಲಿಗೆ ಬಂದು ಮುಗಿಯುತ್ತದೆ. ತಂಗುದಾಣವೆಂದರೆ ಕಲ್ಲುಗೋಡೆಯ ಒಂದೆರಡು ಮನೆ, ಒಂದು ಒಲೆ, ಯಾತ್ರಿಕನಿಗೆ ಕಂಬಳಿ. ಇವನ್ನು ನಡೆಸುವವರು ಕಣಿವೆಯ ಕುಟುಂಬದವರೇ. ಬೇಸಗೆಯಲ್ಲಿ ದನಕರುಗಳೊಡನೆ ಮೇಲೆ ಹೋಗಿ ಚಳಿಗಾಲಕ್ಕೆ ಇಳಿದುಬರುವುದು ಅವರ ಹಳೆಯ ಪದ್ಧತಿ. ಯಾತ್ರಿಕನಿಗಾಗಿ ದಾರಿ ಹುಟ್ಟಿತೆನ್ನುವುದಕ್ಕಿಂತ ದನ ಮೇಯಿಸುವವರ ದಾರಿಯಲ್ಲಿ ಯಾತ್ರಿಕ ನಡೆದನೆನ್ನುವುದೇ ಹೆಚ್ಚು ಸರಿಯಾದೀತು. ಗಢವಾಲದ ಈ ಗುಡ್ಡಗಳಲ್ಲಿ ಮಂಡುವಾ ಎಂದು ಬೆಳೆಯುವ ಧಾನ್ಯ ಕನ್ನಡನಾಡಿನ ರಾಗಿಯೇ. ದೂರದಿಂದ ಬಂದ ಅರ್ಚಕನಿಗೆ ಅಲ್ಲಿ ಮೊದಲು ಪರಿಚಿತವಾಗಿ ತೋರುವುದು ಬಹುಶಃ ತಟ್ಟೆಯಲ್ಲಿನ ಆ ಕಪ್ಪು ರೊಟ್ಟಿ.

ವರ್ಷದಲ್ಲಿ ಎರಡು ರಾತ್ರಿ ದೇವರೇ ಗೌಂಡಾರಕ್ಕೆ ಅತಿಥಿ. ಮಧ್ಯಮಹೇಶ್ವರನ ಚಲಮೂರ್ತಿ ಚಳಿಗಾಲದಲ್ಲಿ ಊಖೀಮಠದ ಓಂಕಾರೇಶ್ವರ ದೇವಾಲಯದಲ್ಲಿ ಇರುತ್ತದೆ. ವೈಶಾಖ-ಜ್ಯೇಷ್ಠದ ವೇಳೆಗೆ ಡೋಲಿಯಲ್ಲಿ ಹೊರಟು ಮೊದಲು ರಾಂಸಿಯಲ್ಲಿ, ಮರುರಾತ್ರಿ ಗೌಂಡಾರದಲ್ಲಿ ತಂಗಿ, ಮೂರನೆಯ ದಿನ ಮೇಲೇರುತ್ತದೆ. ನವೆಂಬರಿನಲ್ಲಿ ಇಳಿಯುವಾಗ ಮೊದಲ ತಂಗು ಗೌಂಡಾರ, ಆಮೇಲೆ ರಾಂಸಿ, ಗಿರಿಯಾ, ಕೊನೆಗೆ ಊಖೀಮಠ. ಅಲ್ಲಿ ದೊಡ್ಡ ಜಾತ್ರೆ. ಡೋಲಿಯೊಡನೆ ಅರ್ಚಕರು ನಡೆಯುತ್ತಾರೆ. ಅವರ ಮುಂದೆ ಆ ದಾರಿಯ ಜನ ನಡೆಯುತ್ತಾರೆ. ಕಣಿವೆಯ ಗ್ರಾಮಗಳಿಗೆ ಈ ಸೇವೆಯಲ್ಲಿ ಪರಂಪರಾಗತ ಹಕ್ಕುಗಳುಂಟು. ಹಾಗೆ ಹಕ್ಕುಳ್ಳವರನ್ನು ಅಲ್ಲಿ ಹಕ್-ಹಕೂಕ್‌ಧಾರಿಗಳೆನ್ನುತ್ತಾರೆ. ಈ ಮಾತು ಗಮನಿಸತಕ್ಕದ್ದು. ಹೊರೆ ಹೊರುವುದು, ದಾರಿ ತೋರುವುದು ಇಲ್ಲಿ ಹಕ್ಕು. ಅದೇ ಹೊರೆ ಬೇರೊಂದು ಕಾಲದಲ್ಲಿ, ಬೇರೊಬ್ಬರಿಗಾಗಿ, ಶಿಕ್ಷೆಯಾಗಿತ್ತು. ಆ ಕಥೆಗೆ ಬರುವ ಮುನ್ನ ದಾರಿ ತೋರುವ ವಿದ್ಯೆಯ ಸ್ವರೂಪವನ್ನು ಸ್ವಲ್ಪ ನೋಡುವುದು ಉಚಿತ.

ಬಯಲುಸೀಮೆಯವನಿಗೆ ದಾರಿಯೆಂದರೆ ನೆಲದ ಮೇಲಿನ ಗೆರೆ. ಬೆಟ್ಟದವನಿಗೆ ದಾರಿಯೆಂದರೆ ಹೊತ್ತು. ಹಿಮ ಕರಗಿ ಹರಿಯುವ ತೊರೆ ನಸುಕಿನಲ್ಲಿ ಮೊಣಕಾಲುದ್ದವಿದ್ದರೆ, ಬಿಸಿಲೇರಿದ ಮೇಲೆ ಅದೇ ಸ್ಥಳದಲ್ಲಿ ಆಳನ್ನು ಕೊಚ್ಚಿಕೊಂಡು ಹೋಗುವಷ್ಟು ಉಕ್ಕುತ್ತದೆ. ಹಳ್ಳದ ಮೇಲೆ ಕವುಚಿದ ಹಿಮದ ಸೇತುವೆ ರಾತ್ರಿಯ ಚಳಿಗೆ ಗಟ್ಟಿಯಾಗಿದ್ದು ಬೆಳಗಿನಲ್ಲಿ ಹೊರೆಯಾಳನ್ನೂ ತಾಳುತ್ತದೆ, ಮಧ್ಯಾಹ್ನ ನಾಯಿಯನ್ನೂ ತಾಳದು. ಮಳೆ ನಿಂತ ಮರುದಿನ ಕಲ್ಲುರುಳುವ ಇಳುಕಲು ಯಾವುದು, ಮೋಡ ಯಾವ ಕೊಳ್ಳದಿಂದ ಮೊದಲು ಏರುತ್ತದೆ, ಯಾವ ಹುಲ್ಲುಗಾವಲಿನಲ್ಲಿ ನೀರು ಆಷಾಢದವರೆಗೆ ಮಾತ್ರ ಇರುತ್ತದೆ – ಇವನ್ನೆಲ್ಲ ಬಲ್ಲವನೇ ಅಲ್ಲಿ ಮಾರ್ಗದರ್ಶಕ. ಈ ವಿದ್ಯೆಗೆ ಗ್ರಂಥವಿಲ್ಲ; ಕುರಿಮಂದೆಯ ಹಿಂದೆ ನಡೆದ ಬಾಲ್ಯವೇ ಇದರ ಪಾಠಶಾಲೆ.

ಇದರೊಡನೆ ನಂಬಿಕೆಗಳೂ ಬೆರೆತಿವೆ. ಬುಗ್ಯಾಲುಗಳೆಂಬ ಎತ್ತರದ ಹುಲ್ಲುಗಾವಲುಗಳಲ್ಲಿ ಕೂಗಾಡಬಾರದು, ಕಣ್ಣು ಕುಕ್ಕುವ ಬಣ್ಣದ ಬಟ್ಟೆ ತೊಡಬಾರದು, ತೊಟ್ಟರೆ ಆಂಛರಿಗಳೆಂಬ ವನದೇವತೆಯರು ಒಯ್ಯುತ್ತಾರೆ ಎಂಬುದು ಗಢವಾಲದ ಪ್ರಸಿದ್ಧ ನಂಬಿಕೆ. ಎತ್ತರದಲ್ಲಿ ತಲೆ ಸುತ್ತಿ ವಾಂತಿಯಾಗುವುದಕ್ಕೆ ಹೂಗಳ ವಿಷಗಾಳಿಯೇ ಕಾರಣವೆಂದು ಬೆಟ್ಟದ ಜನ ಹೇಳುತ್ತಿದ್ದುದನ್ನು 19ನೆಯ ಶತಮಾನದ ಆಂಗ್ಲ ಪ್ರವಾಸಿಗರು ಬರೆದಿಟ್ಟಿದ್ದಾರೆ. ತೆಳುವಾದ ಗಾಳಿಯಲ್ಲಿ ಪ್ರಾಣವಾಯು ಸಾಲದುದೇ ಅದರ ನಿಜವಾದ ಕಾರಣ. ಆದರೂ ಆ ನಂಬಿಕೆಯನ್ನು ನಗೆಗೀಡು ಮಾಡುವುದು ವಿವೇಕವಲ್ಲ. ಕಾರಣವನ್ನು ಅವರು ಹೂವಿಗೆ ಅಂಟಿಸಿದರು, ಮದ್ದನ್ನು ಮಾತ್ರ ಸರಿಯಾಗಿಯೇ ತಿಳಿದಿದ್ದರು: ವಿಷಗಾಳಿ ತಾಗಿದವನನ್ನು ಕೆಳಗಿಳಿಸಬೇಕು. ಇಂದಿನ ವೈದ್ಯರೂ ಮೊದಲು ಹೇಳುವುದು ಅದನ್ನೇ.

ಇನ್ನು ದಾರಿಯ ಇತಿಹಾಸ. ಗೂರ್ಖರ ಆಳಿಕೆ 1815ರಲ್ಲಿ ಕೊನೆಗೊಂಡು, ಮಂದಾಕಿನಿ ಮತ್ತು ಅಲಕನಂದೆಗಳ ಪೂರ್ವಭಾಗ ಬ್ರಿಟಿಷ್ ಗಢವಾಲವಾಯಿತು. ಕೇದಾರನಾಥವೂ ಅದರೊಳಗೇ ಸೇರಿತು. ಬದರೀ-ಕೇದಾರಗಳ ಯಾತ್ರಿಕರ ಅನ್ನದಾನಕ್ಕಾಗಿ ಹಿಂದಿನ ಅರಸರು ಬಿಟ್ಟಿದ್ದ ಸದಾವ್ರತ ಗ್ರಾಮಗಳ ಉತ್ಪತ್ತಿಯನ್ನು ಕುಮಾವೂ ಪ್ರಾಂತದ ಕಮಿಷನರ್ ಟ್ರೇಲ್ 1827-28ರ ಸುಮಾರಿಗೆ ಯಾತ್ರಾಮಾರ್ಗದ ನಿರ್ಮಾಣಕ್ಕೆ ತಿರುಗಿಸಿದನು. ಅನ್ನದ ಹಣ ಕಲ್ಲು-ಮಣ್ಣಿಗೆ ಹೋಯಿತೆಂದು ಆಕ್ಷೇಪಿಸಬಹುದು. ಸುಸ್ಥಿರವಾದ ದಾರಿಯೂ ಯಾತ್ರಿಕನಿಗೆ ಅನ್ನದಷ್ಟೇ ಅಗತ್ಯವೆಂದೂ ವಾದಿಸಬಹುದು. ಮುಂದೆ ಅದೇ ನಿಧಿಯಿಂದ ಯಾತ್ರಿಕರಿಗಾಗಿ ಔಷಧಾಲಯಗಳೂ ಆದವು. ಕೆಲವು ಮೈಲಿಗೊಂದರಂತೆ ಚಟ್ಟಿಗಳೆಂಬ ತಂಗುದಾಣಗಳು ಬೆಳೆದವು. ಅಂಗಡಿಯವನಲ್ಲಿ ಹಿಟ್ಟು, ಬೇಳೆ, ಸೌದೆ ಕೊಂಡವನಿಗೆ ಇಳಿದುಕೊಳ್ಳಲು ಸ್ಥಳ ಮತ್ತು ಅಡಿಗೆಯ ಪಾತ್ರೆ ಪುಕ್ಕಟೆ. ಇದು ಚಟ್ಟಿಯ ಧರ್ಮ. 1880ರ ದಶಕದಲ್ಲಿ ಕಾಲೀಕಮಲೀವಾಲಾ ಎಂದು ಖ್ಯಾತರಾದ ಸ್ವಾಮಿ ವಿಶುದ್ಧಾನಂದರು ಹೃಷೀಕೇಶದಿಂದ ಮೇಲಕ್ಕೆ ಧರ್ಮಶಾಲೆ ಮತ್ತು ಅನ್ನಸತ್ರಗಳ ಸಾಲನ್ನೇ ಸ್ಥಾಪಿಸಿದರು.

ಇಂತಹ ದಾಸೋಹದ ಕಲ್ಪನೆ ಕನ್ನಡನಾಡಿಗೆ ಬಹಳ ಹಳೆಯದು. ದಕ್ಷಿಣಕೇದಾರವೆಂದು ಹೆಸರಾದ ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯ ಮತ್ತು ಅದಕ್ಕೆ ಸೇರಿದ ಕೋಡಿಯಮಠವನ್ನು ಕುರಿತ 1162ರ ಶಾಸನ, ಆ ಮಠವನ್ನು ವಿದ್ಯಾಸ್ಥಾನವೆಂದಷ್ಟೇ ಅಲ್ಲದೆ ದೀನರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಕೊಡುವ ಸ್ಥಾನವೆಂದೂ ವರ್ಣಿಸುತ್ತದೆ. ಅದು ಕಾಳಾಮುಖರ ಮಠವೆಂಬುದನ್ನು ಮರೆಯದೆಯೇ, ಉತ್ತರದ ಕೇದಾರಕ್ಕೆ ಹೋಗಲಾರದವರು ಅದರ ಹೆಸರನ್ನೂ ಅದರ ಧರ್ಮವನ್ನೂ ಮಲೆನಾಡಿನ ಅಂಚಿಗೆ ತಂದುಕೊಂಡರೆಂದು ಹೇಳಬಹುದು.

ಗಢವಾಲದ ಚಟ್ಟಿಗಳ ದಾರಿಯಲ್ಲಿ ಮುದುಕರನ್ನೂ ರೋಗಿಗಳನ್ನೂ ಹೊತ್ತು ನಡೆಯುವ ವೃತ್ತಿ ಬೆಳೆಯಿತು. ಒಬ್ಬನೇ ಬೆನ್ನಿಗೆ ಬುಟ್ಟಿ ಕಟ್ಟಿ ಅದರಲ್ಲಿ ಯಾತ್ರಿಕನನ್ನು ಕೂರಿಸಿಕೊಂಡರೆ ಕಂಡಿ; ನಾಲ್ವರು ಹೆಗಲುಕೊಟ್ಟರೆ ಡಂಡಿ. ನೇಪಾಳದ ಡೋಟಿ ಪ್ರದೇಶದಿಂದಲೂ ಹೊರೆಯಾಳುಗಳು ಬಂದರು. ಇಂದಿಗೂ ಕೇದಾರನಾಥದ ದಾರಿಯಲ್ಲಿ ನೇಪಾಳದವರು ಅನೇಕ. ಇವರಿಗೆ ಕೂಲಿಯುಂಟು, ಚೌಕಾಸಿಯುಂಟು, ಕೆಲವೊಮ್ಮೆ ಮೋಸವೂ ಉಂಟು. ಆದರೆ ಒಪ್ಪಿಗೆಯಿಂದ ಹೊತ್ತ ಹೊರೆ ಅದು. ಇನ್ನೊಂದು ಹೊರೆಗೆ ಒಪ್ಪಿಗೆಯ ಪ್ರಶ್ನೆಯೇ ಇರಲಿಲ್ಲ.

ಬ್ರಿಟಿಷ್ ಆಡಳಿತದಲ್ಲಿ ಕುಮಾವೂ ಮತ್ತು ಗಢವಾಲಗಳ ರೈತ ಕುಟುಂಬಗಳು ಭೂಮಿಯನ್ನು ಹೊಂದಿದ್ದಕ್ಕೆ ಪ್ರತಿಯಾಗಿ ಅಧಿಕಾರಿಗಳ, ಬೇಟೆಗಾರರ, ಸರ್ವೇಕ್ಷಣ ತಂಡಗಳ ಸಾಮಾನನ್ನು ಸರದಿಯ ಮೇಲೆ ಹೊರಬೇಕಾಗಿತ್ತು. ಅಲ್ಪಕೂಲಿಗೆ ಹೊರುವುದು ಕುಲೀ ಉತಾರ್. ಕೂಲಿಯೇ ಇಲ್ಲದೆ ಹೊರುವುದು ಕುಲೀ ಬೇಗಾರ್. ಸಾಹೇಬನ ಬಿಡಾರಕ್ಕೆ ಹಾಲು, ತುಪ್ಪ, ಸೌದೆ ಒದಗಿಸುವುದು ಕುಲೀ ಬರ್ದಾಯಿಶ್. ಬಿತ್ತನೆಯೋ ಸುಗ್ಗಿಯೋ ಮನೆಯಲ್ಲಿ ಹೆಣವೋ, ಕರೆ ಬಂದರೆ ಹೊರಡಲೇಬೇಕು. ಯಾವ ಮನೆಯ ಸರದಿ ಎಂದೆಂಬುದನ್ನು ಗ್ರಾಮದ ಮುಖಂಡರು ದಾಖಲೆ ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1921ರ ಜನವರಿಯಲ್ಲಿ, ಉತ್ತರಾಯಣದ ಜಾತ್ರೆಯಂದು, ಬಾಗೇಶ್ವರದಲ್ಲಿ ಬದರೀದತ್ತ ಪಾಂಡೆ ಮೊದಲಾದವರ ನೇತೃತ್ವದಲ್ಲಿ ನೆರೆದ ಸಹಸ್ರಾರು ಜನ ಈ ಪುಸ್ತಕಗಳನ್ನು ಸರಯೂ ನದಿಗೆ ಎಸೆದು, ಇನ್ನು ಹೊರುವುದಿಲ್ಲವೆಂದು ಪಣತೊಟ್ಟರು. ಅದೇ ತಿಂಗಳು ಗಢವಾಲದ ಕಕೋಡಾಖಾಲದಲ್ಲಿ ಅನುಸೂಯಾಪ್ರಸಾದ ಬಹುಗುಣರ ಮುಂದಾಳುತನದಲ್ಲಿ ಅಲ್ಲಿನ ಜನ ಅಧಿಕಾರಿಯ ಹೊರೆಯನ್ನು ನಿರಾಕರಿಸಿದರು. ಬೇಗಾರು ಅಳಿಯಿತು. ಇದರಲ್ಲಿ ಇತಿಹಾಸಕಾರನಿಗೆ ಒಂದು ವಿಡಂಬನೆ ಕಾಣುತ್ತದೆ: ಹೊರೆ ಹೊತ್ತವರ ಹೆಸರುಗಳನ್ನು ಕ್ರಮವಾಗಿ ದಾಖಲಿಸಿದ ಪುಸ್ತಕಗಳು ಅವರ ಪಾಲಿಗೆ ದಾಸ್ಯದ ಪತ್ರಗಳಾಗಿದ್ದವು, ಅವನ್ನು ನೀರಿಗೆಸೆದದ್ದೇ ನ್ಯಾಯವಾಗಿತ್ತು.

ಹೀಗೆ ಒಂದೇ ಬೆನ್ನು ಮೂರು ಹೊರೆಗಳನ್ನು ಬಲ್ಲದು. ದೇವರ ಡೋಲಿ ಹಕ್ಕು, ಯಾತ್ರಿಕನ ಕಂಡಿ ಜೀವನೋಪಾಯ, ಸಾಹೇಬನ ಪೆಟ್ಟಿಗೆ ದಾಸ್ಯ. ತೂಕದಲ್ಲಿ ಇವುಗಳಿಗೆ ಭೇದವಿಲ್ಲ. ಶರಣರು ದುಡಿಮೆಗೆ ಕಾಯಕವೆಂಬ ಹೆಸರಿತ್ತು ಎತ್ತಿ ಹಿಡಿದಾಗ ಅದರ ಹಿಂದೆ ದುಡಿಯುವವನ ಸ್ವಂತ ಒಪ್ಪಿಗೆ, ನಿಯಮ, ದಾಸೋಹಭಾವಗಳನ್ನು ಕಂಡಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಅವರ ಗೋಷ್ಠಿಯಲ್ಲಿ ಜನರನ್ನು ಹೊಳೆ ದಾಟಿಸುವ ಚೌಡಯ್ಯನಿದ್ದನು. ಅಂಬಿಗನೆಂಬ ವೃತ್ತಿಯೇ ಅವನ ಹೆಸರಿನ ಭಾಗವಾಗಿ ಇಂದಿಗೂ ಗೌರವದಿಂದ ಉಳಿದಿದೆ. ಆ ಅಂಬಿಗನ ಕಾಯಕಕ್ಕೂ ಗೌಂಡಾರದ ಮಾರ್ಗದರ್ಶಕನ ಕಾಯಕಕ್ಕೂ ಜಾತಿಯಲ್ಲಿ ಭೇದವಿಲ್ಲ. ಒಬ್ಬನು ನೀರನ್ನು ಬಲ್ಲನು, ಇನ್ನೊಬ್ಬನು ಹಿಮವನ್ನು ಬಲ್ಲನು. ಇಬ್ಬರ ಬಳಿಯೂ ಪ್ರಯಾಣಿಕ ತನ್ನ ಪ್ರಾಣವನ್ನು ಒಪ್ಪಿಸಿ ನಡೆಯುತ್ತಾನೆ.

ಪರ್ವತಾರೋಹಿಗಳ ಕಥೆಗೂ ಈ ಕಣಿವೆಗೂ ಒಂದು ವಿಚಿತ್ರ ಸಂಬಂಧವಿದೆ. ಹಿಂದೆ ಒಬ್ಬನೇ ಅರ್ಚಕನು ಒಂದೇ ದಿನದಲ್ಲಿ ಬದರೀನಾಥ ಮತ್ತು ಕೇದಾರನಾಥ ಎರಡು ಕಡೆಯೂ ಪೂಜೆ ಸಲ್ಲಿಸುತ್ತಿದ್ದನೆಂದು ಐತಿಹ್ಯ. ಆಕಾಶಮಾರ್ಗದಲ್ಲಿ ಎರಡಕ್ಕೂ ಅಂತರ ಸುಮಾರು 40 ಕಿಲೋಮೀಟರು. ನಡುವೆ 7,138 ಮೀಟರಿನ ಚೌಖಂಭಾ ಶಿಖರವೂ ಅದರ ಹಿಮನದಿಗಳೂ ಅಡ್ಡಗಟ್ಟಿವೆ. ಐತಿಹ್ಯವನ್ನು ಇತಿಹಾಸವೆಂದು ಒಪ್ಪುವುದು ಕಷ್ಟ. ಬದರಿಯ ರಾವಲರು ಕೇರಳದ ನಂಬೂದಿರಿಗಳು, ಕೇದಾರದ ರಾವಲರು ವೀರಶೈವ ಜಂಗಮರು; ಎರಡು ಪರಂಪರೆಗಳ ಪೂಜಾಕ್ರಮವೇ ಬೇರೆ. ಬಳಸುದಾರಿಯ ಅನೇಕ ದಿನಗಳ ನಡಿಗೆಯಿಂದ ಬಳಲಿದ ಯಾತ್ರಿಕರ ಆಸೆಯೇ ಈ ಕಥೆಯ ಬೇರೆಂದು ತೋರುತ್ತದೆ.

1934ರಲ್ಲಿ ಎರಿಕ್ ಶಿಪ್ಟನ್ ಮತ್ತು ಬಿಲ್ ಟಿಲ್ಮನ್ ಎಂಬ ಇಬ್ಬರು ಆಂಗ್ಲ ಪರ್ವತಾರೋಹಿಗಳು ಆಂಗ್ ತರ್ಕೆ, ಪಾಸಂಗ್, ಕುಸಂಗ್ ಎಂಬ ಮೂವರು ಶೇರ್ಪಾಗಳೊಡನೆ ಮಳೆಗಾಲದ ನಡುವೆ ಬದರಿಯ ಕಡೆಯ ಸತೋಪಂಥ ಹಿಮನದಿಯನ್ನು ಹತ್ತಿ ಆ ಜಲವಿಭಾಜಕವನ್ನು ದಾಟಿದರು. ಇಳಿದ ಕಡೆ ಅವರಿಗೆ ಸಿಕ್ಕಿದ್ದು ಕೇದಾರನಾಥವಲ್ಲ. ಮಾರ್ಕಂಡಗಂಗೆಯ ಜನ್ಮಸ್ಥಾನವಾದ, ಮನುಷ್ಯರ ಸುಳಿವಿಲ್ಲದ ಕೊಳ್ಳ. ಮೇಲೆ ಸೀಳಿದ ಹಿಮಪಾತದ ಮೆಟ್ಟಿಲು, ಕೆಳಗೆ ಹಗಲಿಡೀ ಕಡಿದರೂ ಅಷ್ಟಿಷ್ಟೇ ಸಾಗುವ ಬಿದಿರುಮೆಳೆಯ ಕಾಡು, ಉಕ್ಕಿ ಹರಿಯುವ ತೊರೆಗಳು, ಬಿಡದ ಮಳೆ. ಆಹಾರ ತೀರಿ ಬಿದಿರಿನ ಮೊಳಕೆ ಮತ್ತು ಅಣಬೆಗಳಿಂದ ಹೊಟ್ಟೆ ಹೊರೆದರು. ಆ ಮೊಳಕೆಗಾಗಿ ಕರಡಿಗಳೊಡನೆ ಸ್ಪರ್ಧಿಸಬೇಕಾಯಿತು. ಕಾಲಿಗೆ ಪೆಟ್ಟಾದ ಪಾಸಂಗ್ ಹೊರೆ ಹೊರಲಾರದೆ ಕುಂಟುತ್ತ ನಡೆದನು. ಕೊನೆಗೆ ಅವರು ಹೊರಬಿದ್ದದ್ದು ಬನತೋಲಿಯ ಬಳಿಯ ಕಣಿವೆಗೆ, ಗೌಂಡಾರದ ಜನರ ನಡುವೆ. ಜಗತ್ತಿನ ಆರೋಹಣಸಾಹಿತ್ಯದಲ್ಲಿ ಈ ದಾಟು ಪ್ರಸಿದ್ಧ. ಈ ಕೊಳ್ಳದ ಬಾಯಲ್ಲಿ ತಲೆಮಾರುಗಳಿಂದ ಬಾಳಿದ ಜನ ಅದರೊಳಕ್ಕೆ ದಾರಿ ಮಾಡಿರಲಿಲ್ಲವೆಂಬುದೂ ಒಂದು ಜ್ಞಾನವೇ ಎಂಬುದನ್ನು ಮಾತ್ರ ಆ ಸಾಹಿತ್ಯ ಅಷ್ಟಾಗಿ ಗಮನಿಸಿಲ್ಲ. ಎಲ್ಲಿ ಹೋಗಬಾರದೆಂಬ ಅರಿವು ಮಾರ್ಗದರ್ಶಕನ ವಿದ್ಯೆಯ ಅರ್ಧಭಾಗ.

ಆದರೆ ಪರ್ವತಾರೋಹಣದ ಇತಿಹಾಸವು ಒಂದು ವಿಷಯದಲ್ಲಿ ತೀರ್ಥಯಾತ್ರೆಯ ಇತಿಹಾಸಕ್ಕಿಂತ ಉದಾರವಾಗಿದೆ. ಅದು ಜೊತೆಗಾರನ ಹೆಸರನ್ನು ಬರೆದಿಡುತ್ತದೆ. ಪಿಂಡಾರಿ ಹಿಮನದಿಯ ಮೇಲಣ ಕಣಿವೆದಾರಿ ಟ್ರೇಲನ ಹೆಸರಿನಲ್ಲಿದ್ದರೂ, 1830ರಲ್ಲಿ ಅದನ್ನು ದಾಟಿಸಿದವನು ಸೂಪೀ ಗ್ರಾಮದ ಮಲಕಸಿಂಗನೆಂಬುದು ಗ್ರಂಥಸ್ಥವಾಗಿದೆ. ಕೇದಾರನಾಥ ದೇವಾಲಯದ ಹಿಂದೆ ಮೆರೆಯುವ 6,940 ಮೀಟರಿನ ಶಿಖರವನ್ನು 1947ರ ಜುಲೈಯಲ್ಲಿ ಆಂದ್ರೆ ರೋಕ್ ಮೊದಲಾದ ಸ್ವಿಸ್ ಆರೋಹಿಗಳು ಗಂಗೋತ್ರಿಯ ಕಡೆಯಿಂದ ಮೊದಲಬಾರಿಗೆ ಏರಿದರು. ಅದಕ್ಕೆ ಮುಂಚಿನ ಪ್ರಯತ್ನದಲ್ಲಿ ಶೇರ್ಪಾ ನಾಯಕ ವಾಂಗ್ದಿ ನೊರ್ಬು ಬಿದ್ದು ತೀವ್ರವಾಗಿ ಗಾಯಗೊಂಡದ್ದರಿಂದ ನಾಯಕತ್ವ ವಹಿಸಿಕೊಂಡವರು ಮುಂದೆ 1953ರಲ್ಲಿ ಜಗದ್ವಿಖ್ಯಾತರಾದ ತೇನಸಿಂಗರು. ಆ ಸ್ವಿಸ್ ತಂಡದಲ್ಲಿಯೇ ಅಲೆಕ್ಸಾಂಡರ್ ಗ್ರಾವೆನ್ ಎಂಬ ವೃತ್ತಿನಿರತ ಮಾರ್ಗದರ್ಶಕನಿದ್ದನು. ಯೂರೋಪಿನ ಬೆಟ್ಟದೂರುಗಳಲ್ಲಿ ಇದು ಮಾನ್ಯವಾದ ಉದ್ಯೋಗ. ಫ್ರಾನ್ಸಿನ ಶಾಮೊನಿ ಗ್ರಾಮದಲ್ಲಿ, 1820ರ ಹಿಮಕುಸಿತದಲ್ಲಿ ಮೂವರು ಮಾರ್ಗದರ್ಶಕರು ಸತ್ತ ಮರುವರ್ಷವೇ ಅವರ ಸಂಘ ಸ್ಥಾಪಿತವಾಯಿತು. ಸರದಿ, ದರ, ಸತ್ತವರ ಕುಟುಂಬಕ್ಕೆ ನೆರವು ಇವೆಲ್ಲ ಬರವಣಿಗೆಯ ನಿಯಮಗಳಾದವು. ಗಢವಾಲದಲ್ಲಿ ಅದೇ ಕಾಲದಲ್ಲಿ ಬರೆದ ಪುಸ್ತಕವೆಂದರೆ ಬೇಗಾರಿನ ಸರದಿಯದು. ಎರಡೂ ಕಡೆ ಬೆಟ್ಟ ಒಂದೇ ಬಗೆಯದು, ಧೈರ್ಯ ಒಂದೇ ಬಗೆಯದು. ಆಳುವವರ ದೃಷ್ಟಿ ಮಾತ್ರ ಬೇರೆ.

ಸ್ವಾತಂತ್ರ್ಯಾನಂತರ ಸ್ಥಿತಿ ಬದಲಾಯಿತು. 1965ರಲ್ಲಿ ಉತ್ತರಕಾಶಿಯಲ್ಲಿ ನೆಹರೂ ಪರ್ವತಾರೋಹಣ ಸಂಸ್ಥೆ ಸ್ಥಾಪಿತವಾಗಿ, ಹಗ್ಗ-ಕೊಡಲಿಗಳ ವಿದ್ಯೆ ಭಾರತೀಯ ಯುವಕರಿಗೆ ಶಾಸ್ತ್ರೀಯವಾಗಿ ದೊರೆಯತೊಡಗಿತು. 1972ರಲ್ಲಿ ಈ ಪ್ರದೇಶ ಕಸ್ತೂರಿಮೃಗದ ರಕ್ಷಣೆಗಾಗಿ ಕೇದಾರನಾಥ ವನ್ಯಜೀವಿಧಾಮವೆಂದು ಘೋಷಿತವಾಯಿತು. ಚಾರಣಕ್ಕೆಂದೇ ಬರುವವರ ಸಂಖ್ಯೆ ಹೆಚ್ಚಿತು. ಮಧ್ಯಮಹೇಶ್ವರದಿಂದ ಪಾಂಡವಸೇರಾ, ನಂದೀಕುಂಡಗಳ ಮೇಲೆ ಹಾಯ್ದು ಕಲ್ಪೇಶ್ವರದ ಕಡೆಗೆ ಇಳಿಯುವ ಮಾರ್ಗ, ರಾಂಸಿಯಿಂದ ಮನಣೀ ದೇವಿಯ ಬುಗ್ಯಾಲನ್ನೂ ಮಹಾಪಂಥವನ್ನೂ ದಾಟಿ ಕೇದಾರನಾಥಕ್ಕೆ ಹೋಗುವ ಮಾರ್ಗ, ಇವೆರಡೂ ಈಗ ಚಾರಣಿಗರಿಗೆ ಪರಿಚಿತ. ಮನಣಿಯವರೆಗೆ ರಾಂಸಿಯ ಜನ ಪ್ರತಿ ಮಳೆಗಾಲ ದೇವಿಯ ಡೋಲಿಯನ್ನು ಒಯ್ಯುತ್ತಾರೆ. ಅಂದರೆ ಚಾರಣಿಗನ ಸಾಹಸಮಾರ್ಗದ ಮೊದಲರ್ಧ ಊರವರ ಜಾತ್ರೆಯ ದಾರಿ. ಎರಡನೆಯ ಅರ್ಧ ಹಾಗಲ್ಲ. 2022ರ ಅಕ್ಟೋಬರಿನಲ್ಲಿ ಆ ಭಾಗದಲ್ಲಿ ಹಿಮಕ್ಕೆ ಸಿಲುಕಿದ ತಂಡದ ಒಬ್ಬ ಚಾರಣಿಗ ಮರಣಹೊಂದಿದನು. ದೂರದ ನಗರಗಳಲ್ಲಿ ದಿನಗಳ ಲೆಕ್ಕ ಹಾಕಿ ಹೊರಡುವವರಿಗೂ ಮೋಡ ನೋಡಿ ಒಂದು ದಿನ ಕಾಯೋಣವೆನ್ನುವ ಊರಿನ ಮಾರ್ಗದರ್ಶಕನಿಗೂ ನಡುವೆ ಯಾರ ಮಾತು ನಡೆಯಬೇಕೆಂಬುದು ಇಂದು ಬರಿಯ ಸೌಜನ್ಯದ ವಿಷಯವಾಗಿ ಉಳಿದಿಲ್ಲ.

ಈ ಕಣಿವೆಗಳು ಕೊಟ್ಟ ಬೆಲೆ ದೊಡ್ಡದು. 1998ರ ಆಗಸ್ಟಿನಲ್ಲಿ ಮಧ್ಯಮಹೇಶ್ವರ ಕಣಿವೆಯಲ್ಲಿ ಬೆಟ್ಟ ಕುಸಿದು ಭೇಂಟೀ ಮೊದಲಾದ ಗ್ರಾಮಗಳು ಮಣ್ಣುಪಾಲಾದವು. 2012ರ ಸೆಪ್ಟೆಂಬರಿನಲ್ಲಿ ಊಖೀಮಠದ ಸುತ್ತಿನ ಹಳ್ಳಿಗಳಲ್ಲಿ ಮತ್ತೆ ಭೂಕುಸಿತ. 2013ರ ಜೂನ್ 16-17ರಂದು ಚೋರಾಬಾಡೀ ಸರೋವರ ಒಡೆದು ಕೇದಾರಪುರಿ ನಾಶವಾಯಿತು; ದಾರಿಯ ನಡುವಣ ರಾಮಬಾಡಾ ಎಂಬ ಚಟ್ಟಿ ಹೆಸರಷ್ಟೇ ಉಳಿಯುವಂತೆ ಅಳಿಸಿಹೋಯಿತು. ಪ್ರದೇಶದಾದ್ಯಂತ ಸತ್ತವರು, ಕಾಣೆಯಾದವರು ಐದು ಸಾವಿರಕ್ಕೂ ಹೆಚ್ಚು. ದೂರದೂರದ ಯಾತ್ರಿಕರೊಡನೆ ಅಲ್ಲಿ ತೀರ್ಥಪುರೋಹಿತರಾಗಿ, ಅಂಗಡಿಯವರಾಗಿ, ಹೇಸರಗತ್ತೆ ನಡೆಸುವವರಾಗಿ, ಹೊರೆಯಾಳುಗಳಾಗಿ ಇದ್ದ ಕಣಿವೆಯ ಗಂಡಸರೂ ಹುಡುಗರೂ ಸತ್ತರು. ಶಾಲೆಗೆ ಬೇಸಗೆ ರಜೆಯಾದ್ದರಿಂದ ತಂದೆಗೆ ನೆರವಾಗಲು ಹೋದ ಬಾಲಕರೂ ಅವರಲ್ಲಿದ್ದರು. ಗುಪ್ತಕಾಶಿಯ ಬಳಿಯ ದೇವಳೀ-ಭಣಿಗ್ರಾಮವನ್ನು ಆಮೇಲೆ ಜನ ವಿಧವೆಯರ ಗ್ರಾಮವೆಂದು ಕರೆಯುವಂತಾಯಿತು. ಬೃಹತ್ ಬಂಡೆಯೊಂದು ಹಿಂದೆ ಬಂದು ನಿಂತು ದೇವಾಲಯ ಉಳಿದ ಸಂಗತಿ ಎಲ್ಲ ಭಕ್ತರಿಗೂ ತಿಳಿದಿದೆ. ಆ ದೇವಾಲಯಕ್ಕೆ ದಾರಿ ತೋರುತ್ತಿದ್ದವರ ಮನೆಗಳಲ್ಲಿ ಏನು ಉಳಿಯಿತೆಂಬುದು ಅಷ್ಟಾಗಿ ತಿಳಿದಿಲ್ಲ. ಕೇದಾರದ ಪೂಜೆ ಕೆಲಕಾಲ ಊಖೀಮಠದಲ್ಲಿ ನಡೆದು, ಸೆಪ್ಟೆಂಬರ್ 11ರಂದು ಮೂಲಸ್ಥಾನದಲ್ಲಿ ಪುನರಾರಂಭವಾಯಿತು. ಮುರಿದ ದಾರಿಯ ಬದಲು ನದಿಯ ಎದುರುದಂಡೆಯಲ್ಲಿ ಹೊಸ ದಾರಿಯನ್ನು ಕಡಿಯುವ ಕೆಲಸದಲ್ಲಿ ಉತ್ತರಕಾಶಿಯ ಪರ್ವತಾರೋಹಣ ಸಂಸ್ಥೆ ಮುಂದಾಯಿತು.

ಗೌಂಡಾರದ ಸಂಕಟ ಇಷ್ಟು ದೊಡ್ಡ ಸುದ್ದಿಯಾಗುವುದಿಲ್ಲ. 2023ರ ಆಗಸ್ಟಿನಲ್ಲಿ ಬನತೋಲಿಯ ಸೇತುವೆ ಪ್ರವಾಹದಲ್ಲಿ ಕೊಚ್ಚಿಹೋಗಿ ಮಧ್ಯಮಹೇಶ್ವರದಲ್ಲಿದ್ದ ಇನ್ನೂರಕ್ಕೂ ಹೆಚ್ಚು ಜನರಿಗೆ ಹಿಂದಿರುಗುವ ದಾರಿ ಕಡಿಯಿತು. ಕೆಲವರನ್ನು ಹಗ್ಗದ ನೆರವಿನಿಂದ ಹೊಳೆ ದಾಟಿಸಿದರು. ಉಳಿದವರಿಗಾಗಿ ನಾನೂ ಎಂಬಲ್ಲಿ ಸ್ಥಳೀಯರ ಸಹಾಯದಿಂದ ಇಳುಕಲನ್ನು ಸಮಮಾಡಿ ಹೆಲಿಕಾಪ್ಟರ್ ಇಳಿಯುವ ನೆಲೆಯನ್ನು ಸಿದ್ಧಪಡಿಸಲಾಯಿತು. ಮರದಿಂದ ಕಟ್ಟಿದ ತಾತ್ಕಾಲಿಕ ಸೇತುವೆಯೂ 2024ರ ಜುಲೈಯಲ್ಲಿ ಹೊಳೆಯ ಪಾಲಾಯಿತು. ಮತ್ತೆ ನೂರಕ್ಕೂ ಹೆಚ್ಚು ಜನ ಮೇಲೆ ಸಿಲುಕಿದರು, ಮತ್ತೆ ಹೆಲಿಕಾಪ್ಟರ್ ಬಂದಿತು. ಯಾತ್ರಿಕರು ಹೋದ ಮೇಲೆ ಊರವರಿಗೆ ಹೆಲಿಕಾಪ್ಟರ್ ಬರುವುದಿಲ್ಲ. ಅವರ ದನಗಳು, ಆಲೂಗಡ್ಡೆಯ ಹೊಲಗಳು, ಮೇಲಣ ತಂಗುದಾಣಗಳ ಒಲೆಗಳು ಹೊಳೆಯ ಆಚೆಗೂ ಇವೆ. ದಾಟಲು ಮರದ ದಿಮ್ಮಿಗಳನ್ನು ತಾವೇ ಹೊತ್ತು ತಂದು ಹಾಕಿಕೊಳ್ಳಬೇಕು. ಮೇಲೆ ಪೂಜೆಗೆ ನಿಂತ ದಕ್ಷಿಣದ ಅರ್ಚಕರಿಗೆ ಹಿಟ್ಟೂ ಎಣ್ಣೆಯೂ ಹೋಗುವುದು ಆ ದಿಮ್ಮಿಗಳ ಮೇಲೆಯೇ.

ಅದೇ ವರ್ಷ ನವೆಂಬರ್ 20ರಂದು ಮಧ್ಯಮಹೇಶ್ವರದ ಬಾಗಿಲು ಮುಚ್ಚಿತು. ಡೋಲಿ ಎಂದಿನಂತೆ ಬನತೋಲಿಯನ್ನು ದಾಟಿ, ಗೌಂಡಾರದಲ್ಲಿ ಮೊದಲ ರಾತ್ರಿ ತಂಗಿ, ರಾಂಸಿ, ಗಿರಿಯಾಗಳ ಮೂಲಕ ನಾಲ್ಕನೆಯ ದಿನ ಊಖೀಮಠವನ್ನು ಸೇರಿತು.